ವೇಗವಿದ್ದರೆ ಸಾಲದು, ಹದವೂ ಬೇಕು: ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಸರಿಪಡಿಸುವ ಬಗೆ

"ಸ್ಪೀಡ್ ಟೆಸ್ಟ್ ಮಾಡಿದ್ರೆ ಎಲ್ಲಾ ಸರಿಯಾಗೇ ತೋರಿಸುತ್ತೆ, ಕೆಲಸಕ್ಕೆ ಕೂತರೆ ಮಾತ್ರ ನಡುನಡುವೆ ನಿಂತು ನಿಂತು ಹೋಗುತ್ತೆ." ಕಾಲೇಜಿನ ಲ್ಯಾಬು, ಲೆಕ್ಕಪರಿಶೋಧಕರ ಕಚೇರಿ, ಸಹಕಾರ ಸಂಘ, ಹೀಗೆ ಒಂದು ಸಣ್ಣ ಸರ್ವರನ್ನು ಹತ್ತಿಪ್ಪತ್ತು ಕಂಪ್ಯೂಟರುಗಳು ಹಂಚಿಕೊಂಡಿರುವ ಕಡೆಯಲ್ಲೆಲ್ಲ ಈ ದೂರು ಇದ್ದದ್ದೇ. ಮೊದಲು ಬೈಸಿಕೊಳ್ಳುವುದು ಇಂಟರ್‌ನೆಟ್ ಕಂಪನಿ. ಆಮೇಲೆ ಸ್ವಿಚ್ ಬದಲಾಗುತ್ತದೆ. ಕೊನೆಗೆ ಹೊಸ ಸರ್ವರಿಗೆ ಕೊಟೇಶನ್ ತರಿಸುತ್ತಾರೆ. ಇಷ್ಟೆಲ್ಲ ಆದರೂ ಸರ್ವರಿನೊಳಗಿನ ನೆಟ್‌ವರ್ಕ್ ಕಾರ್ಡನ್ನಾಗಲಿ, ಅದನ್ನು ನಡೆಸುವ ಡ್ರೈವರನ್ನಾಗಲಿ ಯಾರೂ ಪರೀಕ್ಷಿಸಿರುವುದಿಲ್ಲ. ಅಲ್ಲಿ ಸರಿಪಡಿಸಬಹುದಾದದ್ದು ಸಾಕಷ್ಟಿದೆ, ಹೆಚ್ಚಿನದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ತಂತಿಯಲ್ಲಿ ಬಂದ ಪ್ಯಾಕೆಟ್‌ಗಳನ್ನು ಕಾರ್ಡು ಮೆಮೊರಿಗೆ ಇಳಿಸುತ್ತದೆ. ಅವನ್ನು ಎತ್ತಿ ಕರ್ನಲ್‌ಗೆ ಒಪ್ಪಿಸುವುದು ಡ್ರೈವರ್. ಗಿಗಾಬಿಟ್ ತಂತಿ ಭರ್ತಿಯಾಗಿದ್ದಾಗ 1,500 ಬೈಟಿನ ಪ್ಯಾಕೆಟ್‌ಗಳು ಸೆಕೆಂಡಿಗೆ ಸುಮಾರು 81 ಸಾವಿರ ಬರುತ್ತವೆ. ಅತಿ ಚಿಕ್ಕ, 64 ಬೈಟಿನವಾದರೆ 14.88 ಲಕ್ಷ. ಇವುಗಳ ನಡುವೆ ಡ್ರೈವರ್ ಒಮ್ಮೊಮ್ಮೆ ಕೆಲವು ಮಿಲಿಸೆಕೆಂಡ್ ತಡವರಿಸಿದರೂ ಸರಾಸರಿ ವೇಗದಲ್ಲಿ ಅದು ಕಾಣುವುದೇ ಇಲ್ಲ. ಬಿಲ್ಲಿಂಗ್ ತಂತ್ರಾಂಶಕ್ಕೆ, ವಿಡಿಯೊ ಕರೆಗೆ ಮಾತ್ರ ನೇರವಾಗಿ ತಟ್ಟುತ್ತದೆ. ಆದ್ದರಿಂದ ಮುಂದಿನ ಪ್ರತಿ ಹೆಜ್ಜೆಯಲ್ಲೂ ಗಮನಿಸಬೇಕಾದದ್ದು, ಅತಿ ಕೆಟ್ಟ ಕ್ಷಣ ಎಷ್ಟು ಕೆಟ್ಟದಾಗಿದೆ ಎಂಬುದನ್ನು.

ಇಲ್ಲಿ ಹೇಳಿರುವುದು ಮುಖ್ಯವಾಗಿ ಲಿನಕ್ಸ್ ಸರ್ವರುಗಳಿಗೆ. ವಿಂಡೋಸ್ ಬಳಸುವವರಿಗೆ ಬೇಕಾದದ್ದು ಕೊನೆಯ ಭಾಗದಲ್ಲಿದೆ. ಕಮಾಂಡುಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಬೇಕು. ಕಾರ್ಡಿನ ಹೆಸರು 'ಈಥ್0' ಎಂದಿಟ್ಟುಕೊಳ್ಳೋಣ. ನಿಮ್ಮ ಯಂತ್ರದಲ್ಲಿ ಏನಿದೆ ಎಂದು 'ಐಪಿ ಲಿಂಕ್' ಕಮಾಂಡ್ ತೋರಿಸುತ್ತದೆ.

ಮೊದಲು ಅಳತೆ

ಏನನ್ನೂ ಬದಲಿಸುವ ಮುನ್ನ ಈಗಿನ ಸ್ಥಿತಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸರ್ವರಿನಲ್ಲಿ 'ಐಪರ್ಫ್3 -ಎಸ್' ಓಡಿಸಿ. ಅದೇ ಸ್ವಿಚ್ಚಿಗೆ ಸೇರಿದ ಇನ್ನೊಂದು ಕಂಪ್ಯೂಟರಿನಲ್ಲಿ 'ಐಪರ್ಫ್3 -ಸಿ' ಎಂದು ಸರ್ವರಿನ ವಿಳಾಸ ಕೊಟ್ಟು, ಜೊತೆಗೆ '-ಟಿ 60' ಸೇರಿಸಿ ಒಂದು ನಿಮಿಷ ಓಡಿಸಿ. ಆಮೇಲೆ ದೊಡ್ಡಕ್ಷರದ '-ಆರ್' ಸೇರಿಸಿ ಹಿಮ್ಮುಖವಾಗಿಯೂ ನೋಡಿ, ಏಕೆಂದರೆ ಎಷ್ಟೋ ದೋಷಗಳು ಒಂದೇ ದಿಕ್ಕಿನಲ್ಲಿರುತ್ತವೆ. ಗಿಗಾಬಿಟ್ ಸಂಪರ್ಕ ಆರೋಗ್ಯವಾಗಿದ್ದರೆ ಸುಮಾರು 940 ಮೆಗಾಬಿಟ್ ಬರಬೇಕು. ಉಳಿದ 60 ಮೆಗಾಬಿಟ್ ಪ್ಯಾಕೆಟ್‌ಗಳ ತಲೆಬರಹಕ್ಕೂ ನಡುವಿನ ಅಂತರಕ್ಕೂ ಹೋಗುತ್ತದೆ. ಸೆಕೆಂಡಿಗೊಂದು ಸಾಲು ಮೂಡುತ್ತದಲ್ಲ, ಆ ಸಾಲುಗಳ ಏರಿಳಿತ ನೋಡಿ.

ಇದು ಓಡುತ್ತಿರುವಾಗಲೇ ಇನ್ನೊಂದು ವಿಂಡೋದಲ್ಲಿ ಸರ್ವರಿಗೆ ಪಿಂಗ್ ಮಾಡಿ. ಈ ಜೋಡಿ ಪರೀಕ್ಷೆಯೇ ಎಲ್ಲಕ್ಕಿಂತ ಮುಖ್ಯ. ಪಿಂಗ್ ನಿಲ್ಲಿಸಿದಾಗ ಕೊನೆಯಲ್ಲಿ ಕನಿಷ್ಠ, ಸರಾಸರಿ, ಗರಿಷ್ಠ, ವ್ಯತ್ಯಾಸ ಎಂದು ನಾಲ್ಕು ಅಂಕಿ ಬರುತ್ತವೆ. ಒಂದೇ ಸ್ವಿಚ್ಚಿನಲ್ಲಿ, ಬೇರೆ ಓಡಾಟವಿಲ್ಲದಾಗ, ಪಿಂಗ್ ಒಂದು ಮಿಲಿಸೆಕೆಂಡಿನೊಳಗೇ ಇರುತ್ತದೆ. ತುಂಬು ಓಡಾಟದಲ್ಲಿ ಮೂರನೆಯ ಮತ್ತು ನಾಲ್ಕನೆಯ ಅಂಕಿ ಎಷ್ಟಕ್ಕೆ ಜಿಗಿಯುತ್ತವೆ ಎಂಬುದೇ ನಿಮ್ಮ ರೋಗದ ಅಳತೆ. ಮುಂದೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮತ್ತೆ ಅಳೆಯಿರಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ದೇವರಿಗೂ ಗೊತ್ತಾಗುವುದಿಲ್ಲ.

ಡ್ರೈವರಿಗೆ ಮುನ್ನ ತಂತಿ

'ಈಥ್‌ಟೂಲ್ ಈಥ್0' ಎಂದು ಕೊಟ್ಟರೆ ಸಂಪರ್ಕದ ವೇಗ ತೋರಿಸುತ್ತದೆ. 1,000 ಇರಬೇಕಾದಲ್ಲಿ 100 ಇದ್ದರೆ ಕೇಬಲ್ ನೋಡಿ. 100 ಮೆಗಾಬಿಟ್ಟಿಗೆ ಎರಡು ಜೋಡಿ ತಂತಿ ಸಾಕು, ಗಿಗಾಬಿಟ್ಟಿಗೆ ನಾಲ್ಕೂ ಜೋಡಿ ಬೇಕು. ಕ್ರಿಂಪ್ ಮಾಡುವಾಗ ಒಂದು ಎಳೆ ಸರಿಯಾಗಿ ಕೂರದಿದ್ದರೂ ಸಂಪರ್ಕ ಸದ್ದಿಲ್ಲದೆ ಕೆಳಕ್ಕಿಳಿದುಬಿಡುತ್ತದೆ. ವೇಗವನ್ನು ಕೈಯಾರೆ ನಿಗದಿಪಡಿಸುವ ಹಳೆಯ ಅಭ್ಯಾಸ ಬಿಡಿ. ಒಂದು ತುದಿಯಲ್ಲಿ 100 ಮೆಗಾಬಿಟ್ ಫುಲ್ ಡ್ಯುಪ್ಲೆಕ್ಸ್ ಎಂದು ನಿಗದಿಪಡಿಸಿ ಇನ್ನೊಂದು ತುದಿಯನ್ನು ಆಟೊ ಎಂದು ಬಿಟ್ಟರೆ, ಆಟೊ ತುದಿಗೆ ವೇಗ ತಿಳಿಯುತ್ತದೆ, ಡ್ಯುಪ್ಲೆಕ್ಸ್ ತಿಳಿಯುವುದಿಲ್ಲ. ಅದು ಹಾಫ್‌ಗೆ ಇಳಿದು, ಓಡಾಟ ಹೆಚ್ಚಾದಂತೆ ಪ್ಯಾಕೆಟ್‌ಗಳು ಡಿಕ್ಕಿಯಾಗಿ ಹಾಳಾಗುತ್ತವೆ.

ಯಾವ ಡ್ರೈವರ್ ಓಡುತ್ತಿದೆ?

'ಈಥ್‌ಟೂಲ್ -ಐ ಈಥ್0' ಡ್ರೈವರಿನ ಹೆಸರನ್ನೂ ಫರ್ಮ್‌ವೇರಿನ ಆವೃತ್ತಿಯನ್ನೂ ಕೊಡುತ್ತದೆ. ನಮ್ಮ ಮಾರುಕಟ್ಟೆಯ ಬಹುಪಾಲು ಮದರ್‌ಬೋರ್ಡುಗಳಲ್ಲಿರುವುದು ರಿಯಲ್‌ಟೆಕ್ ಚಿಪ್. ಅದಕ್ಕೆ ಕರ್ನಲ್ ಜೊತೆಗೇ ಬರುವ ಡ್ರೈವರ್ ಆರ್8169. ಕಂಪನಿಯದೇ ಆರ್8168 ಎಂಬ ಇನ್ನೊಂದು ಡ್ರೈವರನ್ನು ಪ್ರತ್ಯೇಕವಾಗಿ ಹಾಕಿಕೊಳ್ಳಬಹುದು. ತೊಂದರೆ ಕಂಡ ಕೂಡಲೇ ಇದನ್ನು ಹಾಕಿಬಿಡುವವರು ಅನೇಕರು. ನನ್ನ ಸಲಹೆ ಇದಕ್ಕೆ ವಿರುದ್ಧ. ಹೊರಗಿನಿಂದ ತಂದ ಡ್ರೈವರನ್ನು ಪ್ರತಿ ಕರ್ನಲ್ ಅಪ್‌ಡೇಟ್‌ನಲ್ಲೂ ಮತ್ತೆ ಕಂಪೈಲ್ ಮಾಡಬೇಕು. ಅದು ಒಮ್ಮೆ ಕೈಕೊಟ್ಟರೆ ಸೋಮವಾರ ಬೆಳಿಗ್ಗೆ ಸರ್ವರಿಗೆ ನೆಟ್‌ವರ್ಕೇ ಇರುವುದಿಲ್ಲ. ಮೊದಲು ಕರ್ನಲನ್ನೂ ಲಿನಕ್ಸ್‌-ಫರ್ಮ್‌ವೇರ್ ಪ್ಯಾಕೇಜನ್ನೂ ಹೊಸತು ಮಾಡಿ ನೋಡಿ. 'ಡಿಮೆಸೇಜ್' ಔಟ್‌ಪುಟ್‌ನಲ್ಲಿ ಫರ್ಮ್‌ವೇರ್ ಸಿಗಲಿಲ್ಲವೆಂಬ ಸಾಲು ಇದೆಯೇ ಹುಡುಕಿ. ಎರಡು ಡ್ರೈವರೂ ಒಟ್ಟಿಗೆ ಇನ್‌ಸ್ಟಾಲ್ ಆಗಿದ್ದರೆ ಒಂದನ್ನು ತೆಗೆಯಿರಿ.

ಹತ್ತು ಗಿಗಾಬಿಟ್ ಕಾರ್ಡು ಹಾಕಿದವರು 'ಎಲ್‌ಎಸ್‌ಪಿಸಿಐ -ವಿವಿ' ಕೂಡ ನೋಡಬೇಕು. ಎರಡನೇ ತಲೆಮಾರಿನ ಪಿಸಿಐ ಎಕ್ಸ್‌ಪ್ರೆಸ್‌ನ ಒಂದೇ ಲೇನಿನ ಸ್ಲಾಟಿನಲ್ಲಿ 4 ಗಿಗಾಬಿಟ್ಟಿಗಿಂತ ಹೆಚ್ಚು ಹರಿಯಲಾರದು. ಆ ಮಿತಿಯನ್ನು ಯಾವ ಡ್ರೈವರೂ ಮೀರಲಾರದು.

ಪ್ಯಾಕೆಟ್ ಬೀಳುತ್ತಿರುವುದು ಎಲ್ಲಿ?

ಈಥ್‌ಟೂಲ್‌ನಲ್ಲಿ ಸಾಮಾನ್ಯವಾಗಿ ಚಿಕ್ಕಕ್ಷರ ಕೊಟ್ಟರೆ ನೋಡುವುದು, ಅದೇ ದೊಡ್ಡಕ್ಷರ ಕೊಟ್ಟರೆ ಬದಲಿಸುವುದು. 'ಎಸ್' ಮಾತ್ರ ಇದಕ್ಕೆ ತದ್ವಿರುದ್ಧ: ದೊಡ್ಡಕ್ಷರದ '-ಎಸ್' ಎಣಿಕೆಗಳ ಪಟ್ಟಿ ತೋರಿಸುತ್ತದೆ. ಈ ಪಟ್ಟಿಯಲ್ಲಿ ಒಂದೊಂದು ಡ್ರೈವರಿನದೂ ಒಂದೊಂದು ಭಾಷೆ. ಇಂಟೆಲ್‌ನ ಇ1000ಇ 'ಆರ್‌ಎಕ್ಸ್ ಮಿಸ್ಡ್ ಎರರ್ಸ್' ಎನ್ನುವುದನ್ನು ಆರ್8169 'ಆರ್‌ಎಕ್ಸ್ ಮಿಸ್ಡ್' ಎನ್ನುತ್ತದೆ. ಈ ಗೊಂದಲ ನೀಗಲೆಂದೇ 2021ರ 5.13ನೇ ಕರ್ನಲ್‌ನಿಂದ ಎಲ್ಲ ಡ್ರೈವರುಗಳಿಗೂ ಸಮಾನವಾದ ಎಣಿಕೆಗಳ ಗುಂಪು ಬಂದಿದೆ. ಅದೇ ಕಮಾಂಡಿಗೆ '--ಆಲ್-ಗ್ರೂಪ್ಸ್' ಸೇರಿಸಿ ನೋಡಿ, ಡ್ರೈವರ್ ಬೆಂಬಲಿಸಿದ್ದರೆ ಸಿಗುತ್ತದೆ.

ಸಿಆರ್‌ಸಿ ದೋಷ ಏರುತ್ತಿದ್ದರೆ ಕೇಬಲ್ಲು ಅಥವಾ ಪೋರ್ಟಿನ ತಪ್ಪು. 'ಮಿಸ್ಡ್' ಏರುತ್ತಿದ್ದರೆ ಕಾರ್ಡಿಗೆ ಬಂದ ಪ್ಯಾಕೆಟ್ಟನ್ನು ಇಳಿಸಲು ಜಾಗವಿರಲಿಲ್ಲ ಎಂದರ್ಥ. ಆ ಜಾಗಕ್ಕೆ ರಿಂಗ್ ಎಂದು ಹೆಸರು. 'ಈಥ್‌ಟೂಲ್ -ಜಿ ಈಥ್0' ಅದರ ಈಗಿನ ಗಾತ್ರವನ್ನೂ ಗರಿಷ್ಠ ಮಿತಿಯನ್ನೂ ತೋರಿಸುತ್ತದೆ. ಇಂಟೆಲ್‌ನ ಗಿಗಾಬಿಟ್ ಡ್ರೈವರುಗಳಲ್ಲಿ ಮೊದಲೇ ಇಟ್ಟಿರುವುದು 256, ಗರಿಷ್ಠ 4,096. ಲೆಕ್ಕ ಹಾಕಿ ನೋಡಿ: ದೊಡ್ಡ ಪ್ಯಾಕೆಟ್‌ಗಳು ಬರುವಾಗ 256 ಜಾಗ ತುಂಬಲು ಸುಮಾರು 3 ಮಿಲಿಸೆಕೆಂಡ್ ಸಾಕು; ಅತಿ ಚಿಕ್ಕವಾದರೆ 172 ಮೈಕ್ರೋಸೆಕೆಂಡ್. ಅಷ್ಟರೊಳಗೆ ಸಿಪಿಯು ಬಂದು ಎತ್ತದಿದ್ದರೆ ಮುಂದಿನದು ನೆಲಕ್ಕೆ. 'ಈಥ್‌ಟೂಲ್ -ಜಿ ಈಥ್0 ಆರ್‌ಎಕ್ಸ್ 1024' ಎಂದು ದೊಡ್ಡಕ್ಷರದ ಜಿ ಕೊಟ್ಟು ಹೆಚ್ಚಿಸಿ. ಹಲವು ಡ್ರೈವರುಗಳು ಆಗ ಸಂಪರ್ಕವನ್ನು ಒಂದು ಕ್ಷಣ ಕಡಿದು ಕಟ್ಟುತ್ತವೆ, ಹಾಗಾಗಿ ಕಚೇರಿ ವೇಳೆಯಲ್ಲಿ ಬೇಡ.

ಕಳಿಸುವ ಬದಿಯ ರಿಂಗನ್ನು ಮಾತ್ರ ಕಣ್ಣುಮುಚ್ಚಿ ಹಿಗ್ಗಿಸಬೇಡಿ. 4,096 ಪೂರ್ಣ ಪ್ಯಾಕೆಟ್‌ಗಳ ಸಾಲು ಗಿಗಾಬಿಟ್‌ನಲ್ಲಿ ಕರಗಲು 50 ಮಿಲಿಸೆಕೆಂಡ್, 100 ಮೆಗಾಬಿಟ್‌ನಲ್ಲಿ ಅರ್ಧ ಸೆಕೆಂಡ್ ಬೇಕು. ತುರ್ತಿನ ಚಿಕ್ಕ ಪ್ಯಾಕೆಟ್ಟೊಂದು ಆ ಸಾಲಿನ ಹಿಂದೆ ನಿಂತರೆ ಅಷ್ಟೂ ಹೊತ್ತು ಕಾಯಬೇಕು. ಇದನ್ನು ತಡೆಯಲು 2011ರಲ್ಲಿ ಟಾಮ್ ಹರ್ಬರ್ಟ್ ರೂಪಿಸಿದ ಬೈಟ್ ಕ್ಯೂ ಲಿಮಿಟ್ಸ್ ಎಂಬ ವ್ಯವಸ್ಥೆ ಈಗ ಪ್ರಮುಖ ಡ್ರೈವರುಗಳಲ್ಲೆಲ್ಲ ಇದೆ. ಅದರ ಮೇಲೆ ಎಫ್‌ಕ್ಯೂ-ಕೋಡೆಲ್ ಎಂಬ ಸರತಿ ವಿಧಾನ ಇರಬೇಕು. ಇದೆಯೇ ಎಂದು 'ಟಿಸಿ -ಎಸ್ ಕ್ಯೂಡಿಸ್ಕ್' ಹೇಳುತ್ತದೆ.

ಇಂಟರಪ್ಟ್‌ಗಳ ಲೆಕ್ಕ

ಪ್ಯಾಕೆಟ್ ಬಂದಾಗಲೆಲ್ಲ ಕಾರ್ಡು ಇಂಟರಪ್ಟ್ ಕೊಟ್ಟು ಸಿಪಿಯುವನ್ನು ಕರೆಯುತ್ತಿದ್ದ ಕಾಲವಿತ್ತು. ಓಡಾಟ ಮಿತಿಮೀರಿದಾಗ ಕರೆಗೆ ಓಗೊಡುವುದರಲ್ಲೇ ಸಿಪಿಯುವಿನ ಸಮಯವೆಲ್ಲ ಕಳೆದು, ನಿಜವಾದ ಕೆಲಸ ಸೊನ್ನೆಗಿಳಿಯುತ್ತಿತ್ತು. ಈ ಸ್ಥಿತಿಯನ್ನು ಬಿಡಿಸಿ ತೋರಿಸಿ ಪರಿಹಾರ ಸೂಚಿಸಿದ 1996ರ ಪ್ರಬಂಧ ಜೆಫ್ರಿ ಮೊಗಲ್ ಮತ್ತು ಕೆ.ಕೆ. ರಾಮಕೃಷ್ಣನ್ ಅವರದು. ರಾಮಕೃಷ್ಣನ್ ಎಂ.ಟೆಕ್ ಓದಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಲಿನಕ್ಸ್‌ನಲ್ಲಿ ಇದೇ ದಾರಿಯ ಪರಿಹಾರ 'ನ್ಯಾಪಿ' ಎಂಬ ಹೆಸರಿನಲ್ಲಿ 2001ರ ಹೊತ್ತಿಗೆ ಬಂತು. ಮೊದಲ ಇಂಟರಪ್ಟ್ ಬಂದ ಮೇಲೆ ಡ್ರೈವರ್ ಇಂಟರಪ್ಟನ್ನು ಮುಚ್ಚಿ, ಒಂದು ಸರದಿಗೆ 64 ಪ್ಯಾಕೆಟ್‌ಗಳ ಮಿತಿಯಲ್ಲಿ ತಾನೇ ಎತ್ತಿಕೊಳ್ಳುತ್ತದೆ. ಬಾಕಿ ಮುಗಿದಾಗಷ್ಟೇ ಮತ್ತೆ ತೆರೆಯುತ್ತದೆ.

ಇದರ ಜೊತೆಗೆ, ಕಾರ್ಡು ಇಂಟರಪ್ಟ್ ಕೊಡುವ ಮುನ್ನ ಎಷ್ಟು ಹೊತ್ತು ಕಾಯಬೇಕೆಂದು ನಾವು ಹೇಳಬಹುದು. ಸೀಟು ತುಂಬಲಿ ಎಂದು ಸ್ಟ್ಯಾಂಡಿನಲ್ಲಿ ನಿಂತ ಖಾಸಗಿ ಬಸ್ಸಿನಂತೆ ಇದು: ಬಸ್ಸಿನವರಿಗೆ ಲಾಭ, ಮೊದಲು ಹತ್ತಿದವರಿಗೆ ತಡ. 'ಈಥ್‌ಟೂಲ್ -ಸಿ ಈಥ್0' ಕೊಟ್ಟಾಗ ಕಾಣುವ 'ಆರ್‌ಎಕ್ಸ್-ಯೂಸೆಕ್ಸ್' ಎಂಬುದೇ ಆ ಕಾಯುವ ಸಮಯ, ಮೈಕ್ರೋಸೆಕೆಂಡ್‌ಗಳಲ್ಲಿ. ಇಂಟೆಲ್ ಡ್ರೈವರುಗಳಲ್ಲಿ 1, 3ರಂಥ ಅಂಕಿಗಳಿದ್ದರೆ ಅವು ಸಮಯವಲ್ಲ, ಡ್ರೈವರ್ ತಾನೇ ಹೊಂದಿಸಿಕೊಳ್ಳುವ ವಿಧಾನದ ಗುರುತು. 125 ಇಟ್ಟರೆ ಸೆಕೆಂಡಿಗೆ 8,000ಕ್ಕಿಂತ ಹೆಚ್ಚು ಇಂಟರಪ್ಟ್ ಬರುವುದಿಲ್ಲ. ದೊಡ್ಡ ಫೈಲುಗಳನ್ನು ಸಾಗಿಸುವ ಬ್ಯಾಕಪ್ ಸರ್ವರಿಗೆ ಇದು ಒಳ್ಳೆಯದು. ಡೇಟಾಬೇಸಿಗೆ, ಇಂಟರ್‌ನೆಟ್ ಫೋನಿಗೆ 20ರ ಆಸುಪಾಸಿನಿಂದ ಶುರುಮಾಡಿ. 'ಅಡಾಪ್ಟಿವ್' ಎಂಬ ಆಯ್ಕೆಯಿದ್ದರೆ ಡ್ರೈವರ್ ಓಡಾಟಕ್ಕೆ ತಕ್ಕಂತೆ ಈ ಅಂಕಿಯನ್ನು ಏರಿಳಿಸುತ್ತದೆ. ಸರಾಸರಿಗೆ ಅದು ಉತ್ತಮ; ಆದರೆ ನಿಮ್ಮ ದೂರು ಏರಿಳಿತದ್ದೇ ಆಗಿದ್ದರೆ ಅದನ್ನು ನಿಲ್ಲಿಸಿ ಒಂದು ಸ್ಥಿರ ಅಂಕಿ ಇಡುವುದೇ ಸರಿ. ವೇಗ ತುಸು ತಗ್ಗಿದರೂ ಕೂತವರಿಗೆ ಸಮಾಧಾನ ಹೆಚ್ಚು.

'/ಪ್ರಾಕ್/ನೆಟ್/ಸಾಫ್ಟ್‌ನೆಟ್_ಸ್ಟ್ಯಾಟ್' ಕಡತದಲ್ಲಿ ಪ್ರತಿ ಸಿಪಿಯುವಿಗೂ ಒಂದು ಸಾಲಿದೆ, ಅಂಕಿಗಳು ಹದಿನಾರರ ಮೂಲದಲ್ಲಿ. ಮೂರನೆಯ ಕಾಲಂ ಏರುತ್ತಿದ್ದರೆ ಕೆಲಸ ಬಾಕಿಯಿರುವಾಗಲೇ ಸರದಿ ಮುಗಿಯುತ್ತಿದೆ ಎಂದರ್ಥ. ಆ ಸರದಿಯ ಒಟ್ಟು ಮಿತಿಯಾದ 'ನೆಟ್‌ಡೆವ್_ಬಜೆಟ್' ಅನ್ನು 300ರಿಂದ 600ಕ್ಕೆ ಏರಿಸಿ ನೋಡಬಹುದು. ಒಂದೇ ಸಾಲು ಬೆಳೆಯುತ್ತಾ ಉಳಿದವು ಸುಮ್ಮನಿದ್ದರೆ ಭಾರವೆಲ್ಲ ಒಂದೇ ಸಿಪಿಯುವಿನ ಮೇಲಿದೆ. 'ಈಥ್‌ಟೂಲ್ -ಎಲ್' ಕೊಟ್ಟು ಕಾರ್ಡಿಗೆ ಎಷ್ಟು ಕ್ಯೂಗಳಿವೆ ನೋಡಿ. ಇಂಟೆಲ್‌ನ ಐ210ರಲ್ಲಿ ನಾಲ್ಕು, ಐ350ರಲ್ಲಿ ಎಂಟು. ಅಗ್ಗದ ಚಿಪ್‌ಗಳಲ್ಲಿ ಹೆಚ್ಚಾಗಿ ಒಂದೇ. ಒಂದೇ ಇದ್ದರೆ ಕರ್ನಲ್‌ನ 'ಆರ್‌ಪಿಎಸ್' ಸೌಲಭ್ಯದಿಂದ ಕೆಲಸ ಹಂಚಬಹುದು.

ವಿದ್ಯುತ್ ಉಳಿತಾಯವೂ ಆಫ್‌ಲೋಡೂ

ಓಡಾಟವಿಲ್ಲದಾಗ ಕಾರ್ಡನ್ನು ಮಲಗಿಸುವ ಈಇಇ ಸೌಲಭ್ಯ 2010ರ ಮಾನದಂಡ. ಮತ್ತೆ ಏಳಲು ಗಿಗಾಬಿಟ್‌ನಲ್ಲಿ 20 ಮೈಕ್ರೋಸೆಕೆಂಡ್ ಕೂಡ ಬೇಡ ಎನ್ನುತ್ತದೆ ಮಾನದಂಡ. ಆದರೆ ಕಾರ್ಡಿಗೂ ಸ್ವಿಚ್ಚಿಗೂ ಹೊಂದಾಣಿಕೆಯಾಗದಿದ್ದರೆ ಸಂಪರ್ಕವೇ ಕಡಿದು ಬರುತ್ತದೆ. ಸುಮ್ಮನಿದ್ದ ಯಂತ್ರ ಮೊದಲ ಕೆಲಸಕ್ಕೆ ಮಾತ್ರ ತಡವರಿಸುತ್ತಿದ್ದರೆ 'ಈಥ್‌ಟೂಲ್ --ಸೆಟ್-ಈಇಇ ಈಥ್0 ಈಇಇ ಆಫ್' ಮಾಡಿ ನೋಡಿ. ಪಿಸಿಐ ಸ್ಲಾಟಿನ ಎಎಸ್‌ಪಿಎಂ ಉಳಿತಾಯವೂ, ಮುಖ್ಯವಾಗಿ ರಿಯಲ್‌ಟೆಕ್ ಚಿಪ್‌ಗಳಲ್ಲಿ, ಇಂಥದೇ ತೊಂದರೆ ಕೊಟ್ಟದ್ದಿದೆ.

ಟಿಎಸ್‌ಒ, ಜಿಆರ್‌ಒ ಮುಂತಾದ ಆಫ್‌ಲೋಡ್‌ಗಳನ್ನು ಸಾಮಾನ್ಯವಾಗಿ ಮುಟ್ಟಬೇಡಿ; ಅವು ಸಿಪಿಯುವಿನ ಹೊರೆ ಇಳಿಸುತ್ತವೆ. ಅಪವಾದ ಎರಡು. ಯಂತ್ರ ರೂಟರ್ ಅಥವಾ ಬ್ರಿಡ್ಜ್ ಆಗಿದ್ದರೆ ಆಫ್‌ಲೋಡ್‌ಗಳಲ್ಲೊಂದಾದ ಎಲ್‌ಆರ್‌ಒ ನಿಂತಿರಲೇಬೇಕು. ಇ1000ಇ ಡ್ರೈವರ್ 'ಹಾರ್ಡ್‌ವೇರ್ ಯೂನಿಟ್ ಹ್ಯಾಂಗ್' ಎಂದು ಡಿಮೆಸೇಜ್‌ನಲ್ಲಿ ಪದೇ ಪದೇ ಬರೆಯುತ್ತಿದ್ದರೆ ದೊಡ್ಡಕ್ಷರದ '-ಕೆ' ಕೊಟ್ಟು ಟಿಎಸ್‌ಒ ಆಫ್ ಮಾಡಿ. ಎಷ್ಟೋ ಯಂತ್ರಗಳಲ್ಲಿ ಅಷ್ಟಕ್ಕೇ ಸರಿಹೋಗುತ್ತದೆ.

ವಿಂಡೋಸ್‌ನಲ್ಲಿ ಇವೆಲ್ಲ ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಪ್ರಾಪರ್ಟೀಸ್ ತೆರೆದರೆ ಅಡ್ವಾನ್ಸ್‌ಡ್ ಟ್ಯಾಬಿನಲ್ಲಿವೆ: ಇಂಟರಪ್ಟ್ ಮಾಡರೇಶನ್, ರಿಸೀವ್ ಬಫರ್ಸ್, ಎನರ್ಜಿ ಎಫಿಶಿಯೆಂಟ್ ಈಥರ್‌ನೆಟ್. ಪವರ್ ಮ್ಯಾನೇಜ್‌ಮೆಂಟ್ ಟ್ಯಾಬಿನಲ್ಲಿ ಕಾರ್ಡನ್ನು ಆಫ್ ಮಾಡಲು ಕಂಪ್ಯೂಟರಿಗೆ ಕೊಟ್ಟಿರುವ ಅನುಮತಿಯನ್ನು ತೆಗೆದುಹಾಕಿ. ಅಪ್‌ಡೇಟ್ ಆದ ಮೇಲೆ ತೊಂದರೆ ಶುರುವಾಗಿದ್ದರೆ ಡ್ರೈವರ್ ಟ್ಯಾಬಿನ ರೋಲ್ ಬ್ಯಾಕ್ ಒತ್ತಿ.

ಡ್ರೈವರ್ ಬರೆಯಲು ಕಲಿಯುತ್ತಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಂದೆರಡು ಮಾತು. ಇಂಟರಪ್ಟ್ ಹ್ಯಾಂಡ್ಲರಿನಲ್ಲಿ ನ್ಯಾಪಿಗೆ ಸುದ್ದಿ ಮುಟ್ಟಿಸುವುದನ್ನು ಬಿಟ್ಟು ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಕಳಿಸುವ ರಿಂಗ್ ತುಂಬಿದ ಮೇಲೆ ಪ್ಯಾಕೆಟ್ ವಾಪಸ್ ಕಳಿಸುವ ಬದಲು, ತುಂಬುವ ಮುಂಚೆಯೇ ಕ್ಯೂ ನಿಲ್ಲಿಸಿ. ಪ್ರತಿ ಪ್ಯಾಕೆಟ್ಟಿಗೂ ಹೊಸದಾಗಿ ಮೆಮೊರಿ ಕೇಳದೆ ಪೇಜ್ ಪೂಲ್ ಬಳಸಿ. ರಿಂಗಿನ ಗಾತ್ರ ಬದಲಿಸುವಾಗ ಹೊಸತಕ್ಕೆ ಜಾಗ ಸಿಕ್ಕ ಮೇಲೆಯೇ ಹಳೆಯದನ್ನು ಬಿಡಿ, ಇಲ್ಲವಾದರೆ ಮೆಮೊರಿ ಸಿಗದ ದಿನ ಬಳಕೆದಾರರ ಸಂಪರ್ಕ ಪೂರ್ತಿ ಹೋಗುತ್ತದೆ. ಅಭ್ಯಾಸಕ್ಕೆ ನಿಜವಾದ ಕಾರ್ಡು ಬೇಕಿಲ್ಲ. ಕ್ಯೂಎಮು ಒಳಗಿರುವ ಇ1000 ಮಾದರಿ ಸಾಕು.

ಈಥ್‌ಟೂಲ್‌ನಲ್ಲಿ ಮಾಡಿದ ಬದಲಾವಣೆ ರೀಬೂಟ್ ಆದರೆ ಅಳಿಸಿಹೋಗುತ್ತದೆ. ಎರಡು ಮೂರು ದಿನ ಓಡಿಸಿ ನೋಡಿ, ನೋಟ್‌ಬುಕ್ಕಿನ ಅಂಕಿಗಳು ಒಪ್ಪಿದ ಮೇಲಷ್ಟೇ ಕಾಯಂ ಮಾಡಿ. ನೆಟ್‌ವರ್ಕ್ ಮ್ಯಾನೇಜರ್ ಇರುವಲ್ಲಿ 'ಎನ್‌ಎಂಸಿಎಲ್‌ಐ ಕನೆಕ್ಷನ್ ಮಾಡಿಫೈ' ಕಮಾಂಡಿಗೆ ಸಂಪರ್ಕದ ಹೆಸರು, 'ಈಥ್‌ಟೂಲ್.ರಿಂಗ್-ಆರ್‌ಎಕ್ಸ್ 1024' ಎಂಬಂಥ ಆಯ್ಕೆ ಕೊಟ್ಟರಾಯಿತು. ಸರ್ವರುಗಳಲ್ಲಿ ಸಿಸ್ಟಮ್‌ಡಿಯ 'ಲಿಂಕ್' ಕಡತದಲ್ಲೂ ಬರೆಯಬಹುದು. ಬರೆದ ಮೇಲೆ ಒಮ್ಮೆ ರೀಬೂಟ್ ಮಾಡಿ, ಚಿಕ್ಕಕ್ಷರದ ಕಮಾಂಡುಗಳಿಂದ ಅಂಕಿಗಳು ಉಳಿದಿವೆಯೇ ನೋಡಿ. ಮುಂದಿನ ಕರ್ನಲ್ ಅಪ್‌ಡೇಟ್ ಆದ ದಿನ ಐಪರ್ಫ್3, ಪಿಂಗ್ ಜೋಡಿ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ ಅದೇ ಪುಟದಲ್ಲಿ ಬರೆದುಕೊಳ್ಳಿ.