ಕೋತಿ ಕಾಟ: ಗುಂಪಿನ ಗುಟ್ಟು ತಿಳಿದಿರಲಿ

ಮೇಲುಕೋಟೆಯಲ್ಲಿ ಭಕ್ತರ ಬಾಳೆಹಣ್ಣು ಕಿತ್ಕೊಳ್ಳೋದೂ, ನಾಗಮಂಗಲದ ತೋಟದಲ್ಲಿ ಎಳನೀರು ಕೆಡವೋದೂ ಒಂದೇ ಜಾತಿಯ ಕೋತಿ. ತಲೆ ಮೇಲೆ ಟೋಪಿಯಂಥ ಕೂದಲಿರುವ ಬಾನೆಟ್ ಮಕಾಕ್, ದಕ್ಷಿಣ ಭಾರತದ್ದೇ ಪ್ರಾಣಿ.

ಇದರ ಕೆನ್ನೆಯೊಳಗೆ ಚೀಲವಿದೆ. ಸಿಕ್ಕಿದ್ದನ್ನು ಗಬಗಬ ಅಲ್ಲಿ ತುಂಬಿಕೊಂಡು, ಆಮೇಲೆ ಮರದ ಮೇಲೆ ಕೂತು ಅಗಿಯುತ್ತೆ. ನೀವು ಕೂಗ್ತಾ ಓಡಿಬರೋ ಹೊತ್ತಿಗೆ ಬೆಳೆ ಹೋಗಿರುತ್ತೆ. ಹಾಗಾಗಿ ಗುಂಪು ಬದುವಿನಲ್ಲಿದ್ದಾಗಲೇ ಅಟ್ಟಬೇಕು.

ಗುಂಪಿನ ಬೇರು ಹೆಣ್ಣುಗಳು. ತಾಯಿ, ಮಗಳು, ಮೊಮ್ಮಗಳು ಹುಟ್ಟಿದ ಗುಂಪಲ್ಲೇ ಉಳೀತಾರೆ; ಗಂಡು ಬೆಳೆದ ಮೇಲೆ ಬೇರೆ ಗುಂಪಿಗೆ ಹೋಗುತ್ತೆ. ಅದಕ್ಕೇ ದೊಡ್ಡ ಗಡವ ಒಂದನ್ನು ಹಿಡಿಸಿ ಪಕ್ಕದೂರಲ್ಲಿ ಬಿಟ್ಟರೆ ಕಾಟ ತಪ್ಪಲ್ಲ. ಪಕ್ಕದೂರಿನವನೂ ರೈತನೇ ಅಲ್ವಾ?

ಸಾಲುಮರದ ಆಲ, ಅತ್ತಿ ಹಣ್ಣು ಇವುಗಳ ಊಟ. ರಸ್ತೆ ಅಗಲ ಮಾಡುವಾಗ ಮರ ಹೋದರೆ ಅವು ತೋಟಕ್ಕೇ ಬರ್ತವೆ. ನಿಮ್ಮ ಬದುವಿನ ಅತ್ತಿ ಮರ ಕಡಿಯಬೇಡಿ, ಊಟದ ಎಲೆ ತೋಟದ ಪಕ್ಕ ಎಸೆಯಬೇಡಿ.