ಚಾನೆಲ್ 16: ಮಾತಾಡ್ಲಿಕ್ಕಲ್ಲ, ಕೇಳ್ಲಿಕ್ಕೆ

ರಾಜಾಜಿನಗರದಲ್ಲಿ ಹುಟ್ಟಿ ಬೆಳೆದ ನನಗೆ ನೀರು ಅಂದ್ರೆ ಸ್ಯಾಂಕಿ ಕೆರೆ, ಅಷ್ಟೇ. ಆದ್ರೂ ಈ ಸಲ ಸಮುದ್ರದ ರೇಡಿಯೋ ಬಗ್ಗೆ ಬರೀತಿದ್ದೀನಿ. ಅದಕ್ಕೆ ಕಾರಣ ಒಂದು ಬೈಗುಳ.

ಹೋದ ಜುಲೈನಲ್ಲಿ ಕ್ಲಾಸ್‌ಮೇಟ್ ಜೊತೆ ಅವನ ಊರು ಮಲ್ಪೆಗೆ ಹೋಗಿದ್ದೆ. ಜೂನ್, ಜುಲೈ ಮೀನುಗಾರಿಕೆ ನಿಷೇಧದ ಕಾಲ. ಬೋಟುಗಳೆಲ್ಲ ಬಂದರಿನಲ್ಲಿ ಸಾಲಾಗಿ ನಿಂತಿದ್ವು. ಅವನ ಮಾವ ಆಳಸಮುದ್ರಕ್ಕೆ ಹೋಗುವ ಬೋಟಿನ ತಾಂಡೇಲರು. ಅವರ ಕ್ಯಾಬಿನ್‌ನಲ್ಲಿ ವಿಎಚ್‌ಎಫ್ ಸೆಟ್ ನೋಡಿ ತಡೆಯೋಕಾಗ್ಲಿಲ್ಲ. ಮೈಕ್ ಎತ್ತಿ, ಗುಂಡಿ ಒತ್ತಿ, "ಹಲೋ ಹಲೋ, ಚೆಕ್ ಚೆಕ್" ಅಂದೆ. ಮಾವ ಮೈಕ್ ಕಿತ್ಕೊಂಡ್ರು. "ಅದು ಹದಿನಾರು ಮಾರಾಯ! ಸುಮ್ಮನೆ ಮಾತಾಡ್ಲಿಕ್ಕೆ ಇರುವುದಲ್ಲ, ಕೇಳ್ಲಿಕ್ಕೆ ಇರುವುದು."

ಆಗ ನಾಚಿಕೆ ಆಯ್ತು. ಈ ಸೆಮಿಸ್ಟರ್‌ನಲ್ಲಿ ಎಫ್‌ಎಂ ಪಾಠ ಬಂದ ಮೇಲೆ ಅವರ ಮಾತು ಪೂರ್ತಿ ಅರ್ಥ ಆಯ್ತು.

ಯಾವ ಚಾನೆಲ್ ಯಾವುದಕ್ಕೆ?

ಸಮುದ್ರದ ವಿಎಚ್‌ಎಫ್ ರೇಡಿಯೋ ಕೆಲಸ ಮಾಡೋದು 156ರಿಂದ 162 ಮೆಗಾಹರ್ಟ್ಸ್ ಒಳಗೆ. ಒಂದೊಂದು ಚಾನೆಲ್ ನಂಬರ್‌ಗೂ ಒಂದು ಗೊತ್ತಾದ ಫ್ರೀಕ್ವೆನ್ಸಿ ಇದೆ. ಮುಖ್ಯವಾದವು ಇವು:

- ಚಾನೆಲ್ 16 (156.800): ಅಪಾಯದ ಕರೆ, ಸುರಕ್ಷತೆಯ ಕರೆ, ಮತ್ತು ಇನ್ನೊಂದು ಬೋಟನ್ನು ಮೊದಲ ಸಲ ಕರೆಯೋಕೆ.
- ಚಾನೆಲ್ 6 (156.300): ಹಡಗಿಂದ ಹಡಗಿಗೆ ಮಾತು.
- ಚಾನೆಲ್ 13 (156.650): ಡಿಕ್ಕಿ ತಪ್ಪಿಸೋ ತರಹದ ಸಂಚಾರದ ಮಾತು.
- ಚಾನೆಲ್ 70 (156.525): ಡಿಜಿಟಲ್ ಕರೆಗೆ ಮಾತ್ರ, ಇಲ್ಲಿ ಮಾತಾಡೋ ಹಾಗೇ ಇಲ್ಲ. ಸೆಟ್‌ನಲ್ಲಿ ಕೆಂಪು ಗುಂಡಿ ಇದ್ರೆ, ಅದನ್ನ ಒತ್ತಿದಾಗ ಬೋಟಿನ ಗುರುತಿನ ಸಂಖ್ಯೆ ಇದರಲ್ಲೇ ಹೋಗುತ್ತೆ. ಜಿಪಿಎಸ್ ಜೋಡಿಸಿದ್ರೆ ಸ್ಥಾನವೂ ಹೋಗುತ್ತೆ.

ರೂಢಿ ಹೀಗೆ: 16ರಲ್ಲಿ ಹೆಸರು ಹಿಡಿದು ಕರೀಬೇಕು, ಉತ್ತರ ಬಂದ ಕೂಡಲೇ "ಆರಕ್ಕೆ ಬಾ" ಅಂತ ಬೇರೆ ಚಾನೆಲ್‌ಗೆ ಹೋಗ್ಬೇಕು. ಮೀನಿನ ರೇಟು, ಊಟದ ವಿಷಯ, ನನ್ನ "ಚೆಕ್ ಚೆಕ್", ಯಾವುದಕ್ಕೂ 16ರಲ್ಲಿ ಜಾಗ ಇಲ್ಲ.

ಒಬ್ಬ ಮಾತಾಡಿದ್ರೆ ಏನು ನಷ್ಟ?

ನಾನು ಅಂದ್ಕೊಂಡಿದ್ದು, ಇಬ್ಬರು ಒಟ್ಟಿಗೆ ಮಾತಾಡಿದ್ರೆ ಮೆಜೆಸ್ಟಿಕ್ ಗದ್ದಲದ ತರಹ ಎರಡೂ ದನಿ ಅಷ್ಟಿಷ್ಟು ಕೇಳುತ್ತೆ ಅಂತ. ತಪ್ಪು. ಎಫ್‌ಎಂನಲ್ಲಿ ಕ್ಯಾಪ್ಚರ್ ಎಫೆಕ್ಟ್ ಇದೆ. ಒಂದೇ ಫ್ರೀಕ್ವೆನ್ಸಿಯಲ್ಲಿ ಎರಡು ಸಿಗ್ನಲ್ ಬಂದ್ರೆ ರಿಸೀವರ್ ಬಲವಾದದ್ದನ್ನೇ ಹಿಡ್ಕೊಳ್ಳುತ್ತೆ, ಇನ್ನೊಂದು ಹೆಚ್ಚುಕಮ್ಮಿ ಅಳಿಸಿ ಹೋಗುತ್ತೆ.

ಲೆಕ್ಕ ನೋಡಿ. 10 ಕಿ.ಮೀ. ದೂರದಲ್ಲಿ ಮುಳುಗ್ತಿರೋ ಒಬ್ಬ, 5 ವಾಟ್ ಕೈಸೆಟ್‌ನಲ್ಲಿ ಕರೀತಿದ್ದಾನೆ. 2 ಕಿ.ಮೀ. ದೂರದಲ್ಲಿ ಇನ್ನೊಬ್ಬ 25 ವಾಟ್‌ನಲ್ಲಿ ಹರಟೆ ಹೊಡೀತಿದ್ದಾನೆ. ಪವರ್ 5 ಪಟ್ಟು ಜಾಸ್ತಿ. ದೂರ ಐದನೇ ಒಂದು, ಅಂದ್ರೆ ಇನ್ವರ್ಸ್ ಸ್ಕ್ವೇರ್ ಪ್ರಕಾರ 25 ಪಟ್ಟು. ಒಟ್ಟು 125 ಪಟ್ಟು, ಸುಮಾರು 21 ಡೆಸಿಬಲ್. ನಿಮಗೆ ಕೇಳೋದು ಹರಟೆ ಮಾತ್ರ. ಇನ್ನೊಬ್ಬ ಕರೆದ ಅನ್ನೋದೂ ಗೊತ್ತಾಗಲ್ಲ.

ಇನ್ನೊಂದು ವಿಷಯ: ಗುಂಡಿ ಒತ್ತಿರೋವರೆಗೆ ನಿಮ್ಮ ಸೆಟ್‌ಗೆ ಕಿವಿ ಇರಲ್ಲ. ಮೈಕ್ ಎಲ್ಲೋ ಬಲೆಯ ಕೆಳಗೆ ಬಿದ್ದು ಗುಂಡಿ ಒತ್ಕೊಂಡೇ ಇದ್ರೆ, ಸುತ್ತಲಿನವರಿಗೆಲ್ಲ ಚಾನೆಲ್ ಬಂದ್. ನಿಮಗೆ ಮಾತ್ರ ಎಲ್ಲ ಶಾಂತ ಅನ್ಸುತ್ತೆ. ಅದಕ್ಕೇ ಈ ಅಭ್ಯಾಸಗಳು: ಮೊದಲು ಕೇಳಿ, ಆಮೇಲೆ ಒತ್ತಿ, ಚುಟುಕಾಗಿ ಹೇಳಿ, ಹತ್ತಿರದವರಿಗೆ 1 ವಾಟ್ ಸಾಕು, ಮೈಕನ್ನ ಕೊಕ್ಕೆಗೆ ವಾಪಸ್ ಹಾಕಿ.

ಅಪಾಯ ಬಂದಾಗ

ಜೀವಕ್ಕೆ ಅಪಾಯ ಇದ್ರೆ "ಮೇಡೇ". ತುರ್ತು, ಆದ್ರೆ ಈಗಲೇ ಜೀವಭಯ ಇಲ್ಲ ಅಂದ್ರೆ "ಪ್ಯಾನ್-ಪ್ಯಾನ್". 16ರಲ್ಲಿ, ಪೂರ್ತಿ ಪವರ್‌ನಲ್ಲಿ, ಈ ಕ್ರಮದಲ್ಲಿ ಹೇಳ್ಬೇಕು:

1. ಮೇಡೇ, ಮೂರು ಸಲ
2. ಬೋಟಿನ ಹೆಸರು, ಮೂರು ಸಲ
3. ಮತ್ತೊಮ್ಮೆ ಮೇಡೇ, ಹೆಸರು, ಆಮೇಲೆ ಎಲ್ಲಿದ್ದೀರಿ
4. ಏನಾಗಿದೆ, ಏನು ಸಹಾಯ ಬೇಕು
5. ಎಷ್ಟು ಜನ ಇದ್ದೀರಿ
6. "ಓವರ್" ಅಂದು ಗುಂಡಿ ಬಿಡಿ

ಸ್ಥಾನ ಯಾಕೆ ಮೊದಲು? ಅಷ್ಟು ಹೇಳಿದ ಮೇಲೆ ಬ್ಯಾಟರಿ ಸತ್ತರೂ, ಎಲ್ಲಿ ಹುಡುಕ್ಬೇಕು ಅಂತ ಗೊತ್ತಾಗಿರುತ್ತೆ. ಅಂದ ಹಾಗೆ, ಸಿನಿಮಾದ "ಓವರ್ ಅಂಡ್ ಔಟ್" ತಪ್ಪು. ಓವರ್ ಅಂದ್ರೆ ಉತ್ತರ ಕೊಡಿ, ಔಟ್ ಅಂದ್ರೆ ಮಾತು ಮುಗೀತು. ಎರಡೂ ಒಟ್ಟಿಗೆ ಹೇಗೆ?

"ಇಂಗ್ಲಿಷ್ ಬರದಿದ್ರೆ?" ಅಂತ ಮಾವನನ್ನ ಕೇಳಿದೆ. "ಮೇಡೇ ಅಂತ ಹೇಳಿದ್ರೆ ಎಲ್ಲರೂ ಕಿವಿ ಕೊಡ್ತಾರೆ. ಮತ್ತೆ ತುಳುವೋ ಕನ್ನಡವೋ, ಬರುವುದರಲ್ಲಿ ಹೇಳುವುದು. ಸುಮ್ಮನೆ ಕೂತ್ಕೊಳ್ಳುವುದು ಬೇಡ" ಅಂದ್ರು.

ರೇಂಜ್ ಮುಗಿದ ಮೇಲೆ

ವಿಎಚ್‌ಎಫ್ ಹೆಚ್ಚುಕಮ್ಮಿ ನೇರ ಹೋಗುತ್ತೆ, ಭೂಮಿ ಗುಂಡಗಿದೆ. ದೂರ (ಕಿ.ಮೀ.) = 4.12 × (√h1 + √h2), ಎತ್ತರ ಮೀಟರ್‌ನಲ್ಲಿ. ಎರಡು ಬೋಟಿನ ಆಂಟೆನಾ 4 ಮೀಟರ್ ಇದ್ರೆ ಸುಮಾರು 16 ಕಿ.ಮೀ. ದಡದಲ್ಲಿ 100 ಮೀಟರ್ ಎತ್ತರದ ಆಂಟೆನಾ ಇದ್ರೆ 49 ಕಿ.ಮೀ. ಅದರಾಚೆ ವಾಟ್ ಏರಿಸಿ ಹೆಚ್ಚು ಪ್ರಯೋಜನ ಇಲ್ಲ.

ಅಲ್ಲಿಗೆ ಉಪಗ್ರಹ ಬೇಕು. ಇಸ್ರೋ ಮೀನುಗಾರರಿಗಾಗಿ ಮಾಡಿದ ಡಿಎಟಿ ಅನ್ನೋ ಸಾಧನ 2010ರಿಂದ ಬಳಕೆಯಲ್ಲಿದೆ. ಗುಂಡಿ ಒತ್ತಿದ್ರೆ ಸಂಕೇತ ಉಪಗ್ರಹದ ಮೂಲಕ ಬರೋದು ಎಲ್ಲಿಗೆ ಗೊತ್ತಾ? ನಮ್ಮ ಬೆಂಗಳೂರಿನ ಇಸ್ಟ್ರಾಕ್‌ಗೆ, ಪೀಣ್ಯಕ್ಕೆ! ಅಲ್ಲಿಂದ ಕೋಸ್ಟ್ ಗಾರ್ಡ್‌ಗೆ. 2024ರಲ್ಲಿ ಬಂದ ಎರಡನೇ ತಲೆಮಾರಿನ ಡಿಎಟಿ "ನಿಮ್ಮ ಕರೆ ತಲುಪಿತು" ಅಂತ ಬೋಟಿಗೆ ಉತ್ತರವನ್ನೂ ಕಳಿಸುತ್ತೆ. ದಡದಲ್ಲಿರೋ ನಾವು ಕೋಸ್ಟ್ ಗಾರ್ಡ್‌ಗೆ ಫೋನ್ ಮಾಡೋದಾದ್ರೆ ನಂಬರ್ 1554.

ಮಲ್ಪೆಯಲ್ಲಿ ಇದು ಬರೀ ಪಾಠ ಅಲ್ಲ. 2018ರ ಡಿಸೆಂಬರ್‌ನಲ್ಲಿ ಅಲ್ಲಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು 7 ಮೀನುಗಾರರ ಸಮೇತ ಕಾಣೆಯಾಯ್ತು. ಅವಶೇಷ ಸಿಕ್ಕಿದ್ದು 2019ರ ಮೇನಲ್ಲಿ, ಮಹಾರಾಷ್ಟ್ರದ ಮಾಲ್ವಣ್ ಕಡೆ. ಮಾವ ಆ ಬೋಟಿನ ಹೆಸರು ಹೇಳಿ ಸ್ವಲ್ಪ ಹೊತ್ತು ಸುಮ್ಮನಾದ್ರು. ಆಮೇಲೆ ಸೆಟ್‌ನ ಚಾನೆಲ್ 16ರಲ್ಲೇ ಇದೆಯಾ ಅಂತ ನೋಡಿ, ದನಿ ಸ್ವಲ್ಪ ಜಾಸ್ತಿ ಮಾಡಿದ್ರು.

ಈಗ ಗ್ರೀನ್ ಲೈನ್ ಮೆಟ್ರೋ ಪೀಣ್ಯ ದಾಟುವಾಗೆಲ್ಲ ಅದೇ ನೆನಪಾಗುತ್ತೆ. ಇಲ್ಲೂ ಯಾರೋ ಕೇಳ್ತಾ ಕೂತಿದ್ದಾರೆ.