ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಕೆಡುತ್ತದೆ, ಏನು ಮಾಡಲಿ?

ಪ್ರಶ್ನೆ: ನಾನು ಕುಕನೂರು ತಾಲೂಕಿನವಳು. ನಮ್ಮ ಭಾಗದ ದೇವಾಲಯಗಳ ಮೇಲೆ ಪಿಎಚ್.ಡಿ. ಮಹಾಪ್ರಬಂಧ ಬರೆದಿದ್ದೇನೆ. ಮೊದಲೆರಡು ಅಧ್ಯಾಯ ಡಿಟಿಪಿ ಅಂಗಡಿಯಲ್ಲಿ ನುಡಿ ತಂತ್ರಾಂಶದಲ್ಲಿ ಟೈಪ್ ಆದವು. ದುಡ್ಡು ಸಾಲದೆ ಉಳಿದದ್ದನ್ನು ನಾನೇ ಮೊಬೈಲ್‌ನಲ್ಲಿ, ಅಕ್ಕನ ಮಗನ ಲ್ಯಾಪ್‌ಟಾಪ್‌ನಲ್ಲಿ ಟೈಪ್ ಮಾಡಿ ಸೇರಿಸಿದೆ. ಈಗ ಒಂದೊಂದು ಶೀರ್ಷಿಕೆ ಒಂದೊಂದು ಅಳತೆ. ಒಂದು ಪುಟ ಸರಿಮಾಡಿದರೆ ಮುಂದಿನ ಹತ್ತು ಪುಟ ಕೆಡುತ್ತವೆ. ಮಾರ್ಗದರ್ಶಕರು ನಾಲ್ಕು ಹಾಳೆ ತಿರುವಿ, "ಇದೇನು ಪ್ರಬಂಧನೋ ಸಂತಿನೋ?" ಎಂದು ವಾಪಸ್ ಕೊಟ್ಟರು. ಅವತ್ತಿನಿಂದ ಆ ಫೈಲ್ ತೆರೆಯಲು ಕೈ ನಡುಗುತ್ತದೆ. ರಾತ್ರಿ ನಿದ್ದೆ ಇಲ್ಲ. ನನಗೆ ಓದುವ ಯೋಗ್ಯತೆಯೇ ಇಲ್ಲವೇನೋ ಅನಿಸುತ್ತಿದೆ.

ಉತ್ತರ: ವರ್ಷಗಟ್ಟಲೆ ಊರೂರು ತಿರುಗಿ, ಶಾಸನ ಓದಿ, ಅಳತೆ ತೆಗೆದುಕೊಂಡು ಬರೆದದ್ದನ್ನು ನಾಲ್ಕು ಹಾಳೆ ತಿರುವಿ ವಾಪಸ್ ಕೊಟ್ಟರೆ ಎದೆ ಒಡೆಯುವುದು ಸಹಜ. ನಿಮ್ಮ ಮನೆಯಲ್ಲಿ ಇಷ್ಟು ದೂರ ಓದಿದವರಲ್ಲಿ ನೀವೇ ಮೊದಲಿಗರಾಗಿದ್ದರೆ ಆ ಮಾತು ಇನ್ನೂ ಆಳಕ್ಕೆ ಇಳಿಯುತ್ತದೆ. "ಹೌದಲ್ಲ, ನಾನು ಇಲ್ಲಿಗೆ ಬರಬೇಕಾದವಳೇ ಅಲ್ಲ" ಎಂದು ಒಳಗಿನಿಂದ ಯಾರೋ ಹೇಳಿದಂತಾಗುತ್ತದೆ. ಇಂಥ ಪತ್ರಗಳು ನನಗೆ ಬೇರೆ ಬೇರೆ ಊರುಗಳಿಂದ ಬರುತ್ತವೆ. ಬರೆದವರಲ್ಲಿ ಅತಿಥಿ ಉಪನ್ಯಾಸಕರಿದ್ದಾರೆ, ಪಂಚಾಯಿತಿಯ ವರದಿ ಸಿದ್ಧಪಡಿಸುವವರಿದ್ದಾರೆ. ಎಲ್ಲರೂ ಹೇಳಿಕೊಳ್ಳುವುದು ಇದೇ ನಾಚಿಕೆಯನ್ನು.

ನಿಮ್ಮ ಮಾರ್ಗದರ್ಶಕರು ಕಂಡದ್ದು ಹಾಳೆಯ ಮೇಲಿನ ಗೊಂದಲವನ್ನು. ಕುಕನೂರಿನ ನವಲಿಂಗದಂಥ ದೇವಾಲಯಗಳ ಬಗ್ಗೆ ನೀವು ಮಾಡಿದ ವಾದವನ್ನು ಅವರು ಇನ್ನೂ ಓದಿಲ್ಲ, ತಳ್ಳಿಹಾಕಿಯೂ ಇಲ್ಲ. ಅವರ ಮಾತು ಒರಟಾಗಿತ್ತು, ಅದನ್ನು ಸಮರ್ಥಿಸಲಾರೆ. ಆದರೆ ಓದಲು ಬರುವಂತೆ ಮಾಡಿಕೊಡು ಎಂಬ ಬೇಡಿಕೆಯೂ ಅದರಲ್ಲಿತ್ತು ಎಂದುಕೊಳ್ಳೋಣ. ಅದನ್ನು ಪೂರೈಸಲು ನಿಮ್ಮಿಂದ ಆಗುತ್ತದೆ.

ಈ ಗೊಂದಲ ನಿಮ್ಮ ದಡ್ಡತನದಿಂದ ಹುಟ್ಟಿದ್ದಲ್ಲ. ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತು. ಆದರೂ ಪುಟ ಕಟ್ಟಲು ಹಳೆಯ ಪೇಜ್‌ಮೇಕರ್ ನೆಚ್ಚಿಕೊಂಡ ನಮ್ಮ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ನುಡಿಯ ಹಳೆಯ ಫಾಂಟ್‌ಗಳೇ ನಡೆಯುತ್ತಿವೆ, ಏಕೆಂದರೆ ಪೇಜ್‌ಮೇಕರ್‌ಗೆ ಯುನಿಕೋಡ್ ಕನ್ನಡ ಒಗ್ಗುವುದಿಲ್ಲ. ಆ ಹಳೆಯ ಫಾಂಟ್‌ನಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳನ್ನು. ಕನ್ನಡ ಎಂಬುದು ಮೇಲಿನ ರೂಪ ಮಾತ್ರ. ಬಯಲಾಟದ ಪಾತ್ರಧಾರಿ ವೇಷ ಕಳಚಿದಂತೆ, ಫಾಂಟ್ ಬದಲಿಸಿದ ಕ್ಷಣ ಒಳಗಿರುವುದು ಹೊರಗೆ ಬರುತ್ತದೆ. ನೀವು ಮೊಬೈಲ್‌ನಲ್ಲಿ ಟೈಪ್ ಮಾಡಿದ್ದು ಯುನಿಕೋಡ್. ಅಂದರೆ ನಿಮ್ಮ ಒಂದೇ ಫೈಲ್‌ನಲ್ಲಿ ಎರಡು ಬಗೆಯ ಕನ್ನಡ ಕೂತಿದೆ. ಇದನ್ನು ಯಾರೂ ನಿಮಗೆ ಹೇಳಿಕೊಡಲಿಲ್ಲ.

ಹಾಗಾಗಿ ಮೊದಲು ಒಂದು ಎಚ್ಚರಿಕೆ. ಸ್ನೇಹಿತರು ಯಾರಾದರೂ "ಎಲ್ಲ ಸೆಲೆಕ್ಟ್ ಮಾಡಿ ಫಾರ್ಮ್ಯಾಟಿಂಗ್ ತೆಗೆದುಬಿಡು, ಕ್ಲೀನ್ ಆಗುತ್ತೆ" ಎಂದರೆ ಸದ್ಯಕ್ಕೆ ಕೇಳಬೇಡಿ. ಹಾಗೆ ಮಾಡಿದರೆ ನುಡಿಯ ಎರಡು ಅಧ್ಯಾಯಗಳೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ನಿಲ್ಲುತ್ತವೆ. ಅಕ್ಷರ ಅಳಿದಿರುವುದಿಲ್ಲ, ಆದರೆ ಈಗಿನ ನಿಮ್ಮ ಮನಸ್ಥಿತಿಯಲ್ಲಿ ಆ ಪರದೆಯನ್ನು ನೋಡುವುದು ಬೇಡ.

ಫೈಲ್‌ನ ಒಂದು ಪ್ರತಿ ಮಾಡಿ, ಹೆಸರಿನಲ್ಲಿ ಇವತ್ತಿನ ದಿನಾಂಕ ಸೇರಿಸಿ. ಮೂಲವನ್ನು ಪೆನ್‌ಡ್ರೈವ್‌ನಲ್ಲಿಟ್ಟು ಮರೆತುಬಿಡಿ. ಏನೇ ಕೆಟ್ಟರೂ ಅದಿದೆ ಎಂಬ ಧೈರ್ಯಕ್ಕೇ ಕೈ ನಡುಕ ಅರ್ಧ ಇಳಿಯುತ್ತದೆ. ಆಮೇಲೆ ನುಡಿಯ ಅಧ್ಯಾಯಗಳನ್ನು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ನುಡಿ, ಬರಹ ಎರಡೂ ತಂತ್ರಾಂಶಗಳ ಹೊಸ ಆವೃತ್ತಿಗಳಲ್ಲೂ ಪರಿವರ್ತಕವಿದೆ. ಡಿಟಿಪಿ ಅಂಗಡಿಯವರಿಗೂ ಇದು ಗೊತ್ತಿರುತ್ತದೆ, "ಅಣ್ಣಾರ, ಯುನಿಕೋಡ್ ಮಾಡಿಕೊಡ್ರಿ" ಎಂದರೆ ಸಾಕು. ಪರಿವರ್ತನೆ ಆದದ್ದನ್ನು ಹಳೆಯ ಮುದ್ರಿತ ಪ್ರತಿ ಪಕ್ಕದಲ್ಲಿಟ್ಟುಕೊಂಡು ಓದಲೇಬೇಕು. ಒತ್ತಕ್ಷರ, ಅರ್ಕಾವೊತ್ತು ಇರುವಲ್ಲಿ ಕಣ್ಣಿಡಿ. ಗ್ರಂಥಋಣದಲ್ಲಿ ಇಂಗ್ಲಿಷ್ ಸಾಲುಗಳಿದ್ದರೆ ಅವನ್ನು ಮೊದಲೇ ಬೇರೆ ತೆಗೆದಿಡಿ. ಕುಕನೂರು, ಇಟಗಿಗಳ ದೇವಾಲಯಗಳ ಬಗ್ಗೆ ಬರೆಯುವವರು ಹೆನ್ರಿ ಕಸೆನ್ಸ್ ಅವರ 1926ರ ಇಂಗ್ಲಿಷ್ ಪುಸ್ತಕವನ್ನು ಉಲ್ಲೇಖಿಸದೇ ಇರುವುದು ಅಪರೂಪ; ಅಂಥ ಸಾಲು ಪರಿವರ್ತಕದೊಳಗೆ ಹೋದರೆ ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತದೆ.

ಇನ್ನು ವರ್ಡ್‌ನ ಸ್ಟೈಲ್ ವಿಷಯ. ಇಲ್ಲಿಯವರೆಗೆ ನೀವು ಪ್ರತಿ ಶೀರ್ಷಿಕೆಯನ್ನೂ ಕೈಯಾರೆ ದಪ್ಪ ಮಾಡಿದ್ದೀರಿ, ಅಳತೆ ಬದಲಿಸಿದ್ದೀರಿ, ಸ್ಪೇಸ್‌ಬಾರ್ ಒತ್ತಿ ನಡುವಿಗೆ ತಂದಿದ್ದೀರಿ, ಎಂಟರ್ ಒತ್ತಿ ಒತ್ತಿ ಹೊಸ ಪುಟಕ್ಕೆ ದಾಟಿಸಿದ್ದೀರಿ. ಮೇಲೆ ಎರಡು ಸಾಲು ಸೇರಿದ ಕೂಡಲೇ ಆ ಎಂಟರ್‌ಗಳೆಲ್ಲ ಕೆಳಗೆ ಜಾರುತ್ತವೆ. ಒಂದು ಪುಟ ಸರಿಮಾಡಿದರೆ ಹತ್ತು ಪುಟ ಕೆಡುವುದು ಇದರಿಂದಲೇ. ಈ ಸಾಲು ಹೇಗೆ ಕಾಣಬೇಕು ಎಂದಷ್ಟೇ ಕಂಪ್ಯೂಟರ್‌ಗೆ ಹೇಳಿದ್ದೀರಿ, ಇದು ಏನು ಎಂದು ಹೇಳಿಲ್ಲ. "ನವಲಿಂಗ ದೇವಾಲಯ" ಅಧ್ಯಾಯದ ಹೆಸರೇ? ಹಾಗಾದರೆ ಅದಕ್ಕೆ ಹೆಡಿಂಗ್ 1. "ದ್ವಾರಬಂಧದ ಶಿಲ್ಪಗಳು" ಅದರೊಳಗಿನ ಭಾಗವೇ? ಹೆಡಿಂಗ್ 2. ಉಳಿದ ಬರಹಕ್ಕೆ ನಾರ್ಮಲ್. ಶಾಸನದ ಪಾಠಕ್ಕೊಂದು, ಚಿತ್ರದ ಅಡಿಬರಹಕ್ಕೊಂದು. ಐದಾರು ಸ್ಟೈಲ್ ಸಾಕು. ಅದಕ್ಕಿಂತ ಹೆಚ್ಚು ಬೇಕೆನಿಸಿದರೆ ಅಂದಗಾಣಿಸುವ ಆಸೆ ಹತ್ತಿದೆ ಎಂದರ್ಥ, ಅಲ್ಲಿಗೆ ನಿಲ್ಲಿಸಿ. ಹೆಡಿಂಗ್ 1ರ ಅಳತೆಯನ್ನು ಒಮ್ಮೆ ಬದಲಿಸಿದರೆ ಎಲ್ಲ ಅಧ್ಯಾಯಗಳ ಹೆಸರೂ ಒಟ್ಟಿಗೆ ಬದಲಾಗುತ್ತವೆ. ಅದರಲ್ಲೇ "ಪೇಜ್ ಬ್ರೇಕ್ ಬಿಫೋರ್" ಆರಿಸಿದರೆ ಅಧ್ಯಾಯ ತಾನಾಗಿ ಹೊಸ ಪುಟದಿಂದ ಶುರುವಾಗುತ್ತದೆ. ಪರಿವಿಡಿಯನ್ನೂ ವರ್ಡ್ ತಾನೇ ಕಟ್ಟಿಕೊಡುತ್ತದೆ.

ಕನ್ನಡದವರು ಸೋತು ಕೈಬಿಡುವ ಜಾಗ ಒಂದಿದೆ. ಸ್ಟೈಲ್‌ನಲ್ಲಿ ಫಾಂಟ್ ಬದಲಿಸಿದರೂ ಕನ್ನಡ ಅಕ್ಷರ ಹಾಗೇ ಇರುತ್ತದೆ. "ನನ್ನ ಕೈಲಿ ಆಗಲ್ಲ" ಎಂದು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಹೆಡಿಂಗ್ 1ರ ಮೇಲೆ ಬಲ ಕ್ಲಿಕ್ ಮಾಡಿ, ಮಾಡಿಫೈ, ಫಾರ್ಮ್ಯಾಟ್, ಫಾಂಟ್ ಎಂದು ಹೋಗಿ ನೋಡಿ. ಅಲ್ಲಿ ಲ್ಯಾಟಿನ್ ಟೆಕ್ಸ್ಟ್ ಬೇರೆ, ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್ ಬೇರೆ ಇರುತ್ತದೆ. ವರ್ಡ್‌ನ ಲೆಕ್ಕದಲ್ಲಿ ಕನ್ನಡ ಎರಡನೆಯದಕ್ಕೆ ಸೇರಿದ್ದು. ಫಾಂಟ್, ಅಳತೆ, ದಪ್ಪ ಮೂರನ್ನೂ ಅಲ್ಲೇ ಹೇಳಬೇಕು.

ವಾಟ್ಸ್ಆ್ಯಪ್‌ನಿಂದಲೋ ಮೊಬೈಲ್‌ನಿಂದಲೋ ತಂದದ್ದನ್ನು ಅಂಟಿಸುವಾಗ "ಕೀಪ್ ಟೆಕ್ಸ್ಟ್ ಓನ್ಲಿ" ಆರಿಸಿ. ಇಲ್ಲದಿದ್ದರೆ ಅಲ್ಲಿಯ ಕಸವೂ ಜೊತೆಗೆ ಬರುತ್ತದೆ.

ಇದಿಷ್ಟನ್ನೂ ಒಂದೇ ರಾತ್ರಿ ಮಾಡಲು ಕೂರಬೇಡಿ. ದಿನಕ್ಕೆ ಒಂದು ತಾಸು ಸಾಕು, ಅದೂ ಬೆಳಿಗ್ಗೆ. ಅಕ್ಕನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಚಿಕ್ಕವರ ಹತ್ತಿರ ಕಲಿಯುವುದರಲ್ಲಿ ಸಂಕೋಚ ಬೇಡ, ಇಂಥದ್ದನ್ನು ಹೇಳಿಕೊಡಲು ಅವರಿಗೂ ಹಿಗ್ಗು. ಫಾಂಟ್, ಅಂಚು, ಸಾಲಿನ ಅಂತರ ಎಷ್ಟಿರಬೇಕೆಂಬ ನಿಮ್ಮ ವಿಶ್ವವಿದ್ಯಾಲಯದ ನಿಯಮವನ್ನು ಸಂಶೋಧನಾ ವಿಭಾಗದಿಂದ ಮೊದಲೇ ಬರೆದುಕೊಂಡು ಬನ್ನಿ.

ನಿದ್ದೆಯ ಮಾತನ್ನು ನಾನು ಹಗುರವಾಗಿ ಬಿಡಲಾರೆ. ಕೆಲಸ ಒಂದು ಹದಕ್ಕೆ ಬಂದ ಮೇಲೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಯೋಗ್ಯತೆಯಿಲ್ಲ ಎಂಬ ಯೋಚನೆ ಬಿಡದೆ ಕಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ. ಸಂಖ್ಯೆ 14416, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಎದುರು ಕೂತು ಮಾತಾಡಬೇಕೆನಿಸಿದರೆ ಕೊಪ್ಪಳದ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಿ. ಬದುಕೇ ಬೇಡ ಎನ್ನಿಸಿದ ಕ್ಷಣವಿದ್ದರೆ ಕಾಯಬೇಡಿ, ಆಗಲೇ ಮನೆಯವರಿಗೆ ಹೇಳಿ, ಆಗಲೇ ಫೋನ್ ಮಾಡಿ.

ಒಂದು ಅಧ್ಯಾಯ ಸಿದ್ಧವಾದ ದಿನ ಅದೊಂದನ್ನೇ ಪಿಡಿಎಫ್ ಮಾಡಿ ಮಾರ್ಗದರ್ಶಕರಿಗೆ ಕಳಿಸಿ. ಕ್ಷಮೆ ಕೇಳಬೇಡಿ, ಹಳೆಯದನ್ನು ಕೆದಕಬೇಡಿ. "ಸರ್, ಈ ಅಧ್ಯಾಯ ಹೀಗೆ ಮಾಡೀನಿ. ಉಳಿದವನ್ನೂ ಹಿಂಗ ಮಾಡಲೇನ್ರಿ?" ಎಂದಷ್ಟೇ ಕೇಳಿ. ಅವರ ಉತ್ತರ ಬಂದ ಮೇಲೆ ಮುಂದಿನದಕ್ಕೆ ಕೈ ಹಾಕಿ.